ಹಿರೇಗುಂಟನೂರಿನ ಸೀಮೆಯಲ್ಲಿ ಹಿಮನದಿಯ ಕುರುಹು

ಹಿಮನದಿಗಳು ಕೊರೆದು ರೂಪಿಸಿದ ಪರ್ವತಪ್ರದೇಶವನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬ ಅಭಿಲಾಷೆಯಿಂದ ನಮ್ಮ ಕಡೆಯವರು ಪ್ರಯಾಣ ಹೊರಟರೆ ಅವರ ಮುಖ ಸಹಜವಾಗಿಯೇ ಉತ್ತರಕ್ಕೆ ತಿರುಗುತ್ತದೆ. ಸುಮಾರು 30 ಕಿಲೋಮೀಟರು ಉದ್ದದ ಹಿಮನದಿಯೊಂದು ಗೋಮುಖದ ಬಳಿ ಕರಗಿ ಭಾಗೀರಥಿಯಾಗುವ ಗಂಗೋತ್ರಿಯ ರಾಷ್ಟ್ರೀಯ ಉದ್ಯಾನಕ್ಕೆ ಕೆಲವರು ಹೋಗುತ್ತಾರೆ. 2014ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ, ಕುಲ್ಲು ಸೀಮೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನಕ್ಕೆ ಇನ್ನು ಕೆಲವರು ಹೋಗುತ್ತಾರೆ. ಅಮೆರಿಕದಲ್ಲಿ ನೆಲಸಿದ ಮಕ್ಕಳನ್ನು ನೋಡಲು ಹೋದ ತಂದೆತಾಯಿಗಳು ಯೊಸೆಮಿಟಿಯ ಕಣಿವೆಯನ್ನೋ, 1910ರಲ್ಲಿ ಸ್ಥಾಪಿತವಾಗಿ ಹಿಮನದಿಯನ್ನೇ ಹೆಸರಾಗಿ ಉಳ್ಳ ಮಾಂಟಾನಾದ ಉದ್ಯಾನವನ್ನೋ ಕಂಡು ಬರುತ್ತಾರೆ. ಇವೆಲ್ಲವೂ ನೋಡತಕ್ಕ ಸ್ಥಳಗಳೇ. ಆದರೆ ಹಾಗೆ ನೋಡಿ ಬಂದವರು, ಆ ದರ್ಶನದ ನೆನಪು ಮಾಸುವುದಕ್ಕೆ ಮೊದಲೇ, ಚಿತ್ರದುರ್ಗದಿಂದ ಹಿರೇಗುಂಟನೂರು, ಭೀಮಸಮುದ್ರಗಳ ಸೀಮೆಯನ್ನು ಸುತ್ತಿ ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಹೋಗಬೇಕೆಂದು ನನ್ನ ಬಿನ್ನಹ. ಏಕೆಂದರೆ ವರ್ಷಕ್ಕೆ 60 ಸೆಂಟಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ, ಜೋಳ, ರಾಗಿ, ಶೇಂಗಾ, ಈರುಳ್ಳಿಗಳನ್ನು ಬೆಳೆದು ಮೋಡದ ಕಡೆ ಮುಖವೆತ್ತಿ ಕೂರುವ ಈ ನೆಲದಲ್ಲಿ, ಸುಮಾರು 270 ಕೋಟಿ ವರ್ಷಗಳ ಹಿಂದೆ ಹಿಮನದಿಗಳು ಸಮುದ್ರಕ್ಕೆ ತಂದು ಸುರಿದ ಕಲ್ಲುಮಣ್ಣೇ ಗಟ್ಟಿಗೊಂಡು ಬಂಡೆಯಾಗಿದೆ ಎಂದು ಭೂವಿಜ್ಞಾನಿಗಳು ಓದಿ ಹೇಳಿದ ಶಿಲೆಯೊಂದು ತಾಳ್ಯದ ಬಳಿ ಬಯಲಿಗೆ ಬಿದ್ದಿದೆ.

ತಾಳ್ಯದ ಬಂಡೆಯ ಮಾತು ಅರ್ಥವಾಗಬೇಕಾದರೆ ಹಿಮನದಿಯ ಕೆಲಸದ ರೀತಿಯನ್ನು ಮೊದಲು ತಿಳಿದಿರಬೇಕು. ಎತ್ತರದ ಬೆಟ್ಟಗಳ ಮೇಲೆ ವರ್ಷವರ್ಷವೂ ಬಿದ್ದ ಹಿಮ, ಬೇಸಗೆಯಲ್ಲಿ ಪೂರ್ತಿ ಕರಗದೆ ಉಳಿದು, ಮೇಲಿನ ಹೊಸ ಹಿಮದ ಭಾರಕ್ಕೆ ಒತ್ತರಿಸಿ, ಕಡೆಗೆ ನೂರಾರು ಅಡಿ ದಪ್ಪದ ನೀರ್ಗಲ್ಲಾಗುತ್ತದೆ. ಅಷ್ಟು ದಪ್ಪವಾದ ಮೇಲೆ ತನ್ನ ಭಾರವನ್ನು ತಾನೇ ತಾಳಲಾರದೆ ಇಳಿಜಾರಿನ ಕಡೆಗೆ, ಕಣ್ಣಿಗೆ ಕಾಣದಷ್ಟು ಮಂದಗತಿಯಲ್ಲಿ, ಹರಿಯತೊಡಗುತ್ತದೆ. ಹರಿಯುವಾಗ ಅಡಿಯ ಬಂಡೆಯಿಂದ ಕಿತ್ತ ಕಲ್ಲುಗಳನ್ನು ತನ್ನ ತಳದಲ್ಲಿ ಹಿಡಿದಿಟ್ಟುಕೊಂಡು, ಅವುಗಳಿಂದಲೇ ಮುಂದಿನ ಬಂಡೆಯನ್ನು ಉಜ್ಜುತ್ತ, ಗೀರುತ್ತ, ನುಣುಪುಗೊಳಿಸುತ್ತ ಸಾಗುತ್ತದೆ. ನದಿ ಕೊರೆದ ಕಣಿವೆ ಕೆಳಗೆ ಇಕ್ಕಟ್ಟಾಗಿ ಚೂಪಾಗಿರುತ್ತದೆ. ಹಿಮನದಿ ಕೊರೆದ ಕಣಿವೆಗೆ ಅಗಲವಾದ ತಳವೂ ಗೋಡೆಯಂತೆ ಕಡಿದಾದ ಪಕ್ಕಗಳೂ ಇರುತ್ತವೆ. ನೀರ್ಗಲ್ಲು ಕರಗಿ ಹಿಂದೆ ಸರಿದ ಜಾಗದಲ್ಲಿ ಅದು ಹೊತ್ತು ತಂದ ಮಣ್ಣು, ಮರಳು, ಕಲ್ಲು, ಹೆಬ್ಬಂಡೆಗಳೆಲ್ಲ ದಿಣ್ಣೆಗಳಾಗಿ ನಿಲ್ಲುತ್ತವೆ. ಸುತ್ತಲಿನ ಯಾವ ಶಿಲೆಗೂ ಸಂಬಂಧವಿಲ್ಲದ ಪರದೇಶಿ ಬಂಡೆಗಳು ಹುಲ್ಲುಗಾವಲಿನ ನಡುವೆ ಒಂಟಿಯಾಗಿ ಕುಳಿತಿರುತ್ತವೆ. ಸ್ವಿಟ್ಜರ್‌ಲೆಂಡಿನ ಬಯಲಿನಲ್ಲಿ ಇಂಥ ಅನ್ಯದೇಶೀಯ ಬಂಡೆಗಳನ್ನು ಕಂಡು, ಒಂದು ಕಾಲದಲ್ಲಿ ಯೂರೋಪಿನ ಬಹುಭಾಗವನ್ನು ನೀರ್ಗಲ್ಲು ಮುಚ್ಚಿತ್ತೆಂದು ಲೂಯಿ ಅಗಾಸಿ ಎಂಬ ವಿದ್ವಾಂಸನು 1837ರಲ್ಲಿ ಸಾರಿದಾಗ ಕೇಳಿದವರಲ್ಲಿ ಬಹುಮಂದಿ ಒಪ್ಪಲಿಲ್ಲ. ಆ ಮಾತನ್ನು ಇಂದು ಶಾಲೆಯ ಮಕ್ಕಳೂ ಓದುತ್ತಾರೆ.

ಈ ಗುರುತುಗಳಲ್ಲಿ ನಮ್ಮ ಪ್ರಸಂಗಕ್ಕೆ ಅತ್ಯಂತ ಮುಖ್ಯವಾದುದು ಕಣಿವೆಯ ಆಕಾರವಲ್ಲ, ಸುರಿದ ಕಲ್ಲುಮಣ್ಣಿನ ಸ್ವಭಾವ. ಹರಿಯುವ ನೀರು ತಾನು ತಂದದ್ದನ್ನು ಹೆಣ್ಣುಮಕ್ಕಳು ಮೊರದಲ್ಲಿ ಕೇರುವ ಹಾಗೆ ಬೇರ್ಪಡಿಸುತ್ತದೆ: ವೇಗ ತಗ್ಗಿದ ಕಡೆ ಮೊದಲು ದಪ್ಪ ಕಲ್ಲನ್ನು ಬಿಡುತ್ತದೆ, ಅನಂತರ ನೊರಜುಗಲ್ಲು, ಆಮೇಲೆ ಮರಳು, ಕಟ್ಟಕಡೆಗೆ ನಿಂತ ನೀರಿನಲ್ಲಿ ನುಣ್ಣನೆಯ ಕೆಸರು. ನೀರ್ಗಲ್ಲಿಗೆ ಈ ವಿವೇಚನೆ ಇಲ್ಲ. ಆನೆಗಾತ್ರದ ಬಂಡೆಯನ್ನೂ ಹಿಟ್ಟಿನಂಥ ಮಣ್ಣನ್ನೂ ಅದು ಒಂದೇ ಗೌರವದಿಂದ ಹೊರುತ್ತದೆ, ಕರಗಿದ ಕಡೆ ಒಟ್ಟಿಗೆ ಕೆಡಹುತ್ತದೆ. ಆದುದರಿಂದ, ನುಣ್ಣನೆಯ ಮಣ್ಣಿನ ನಡುವೆ ದಪ್ಪನೆಯ ಕಲ್ಲುಗಳು ಒಂದಕ್ಕೊಂದು ತಾಗದೆ, ಅಲ್ಲೊಂದು ಇಲ್ಲೊಂದು ಹುದುಗಿರುವ ಪುರಾತನ ಶಿಲೆಯನ್ನು ಕಂಡಾಗ ಭೂವಿಜ್ಞಾನಿಯ ಮನಸ್ಸಿನಲ್ಲಿ ನೀರ್ಗಲ್ಲಿನ ಸಂದೇಹ ಮೂಡುವುದು ಸ್ವಾಭಾವಿಕ. ಒರಿಸ್ಸದ ತಾಲ್ಚೇರಿನಲ್ಲಿ, ಕಲ್ಲಿದ್ದಲಿನ ಪದರಗಳ ಕೆಳಗೆ, ಇಂಥದೊಂದು ಶಿಲೆಯನ್ನು ಬ್ಲ್ಯಾನ್‌ಫರ್ಡ್ ಸೋದರರೂ ಅವರ ಸಂಗಡಿಗರೂ 1856ರಲ್ಲಿ ಕಂಡು, ಉಷ್ಣವಲಯದ ಭಾರತದಲ್ಲಿಯೂ ಹಿಂದೆ ನೀರ್ಗಲ್ಲು ಇದ್ದೀತೆಂದು ಧೈರ್ಯವಾಗಿ ಹೇಳಿದರು. ಸುಮಾರು 30 ಕೋಟಿ ವರ್ಷಗಳ ಹಿಂದಿನ ಮಹಾಹಿಮಯುಗದ ಸಾಕ್ಷಿಯೆಂದು ಆ ಶಿಲೆ ಈಗ ಜಗತ್ಪ್ರಸಿದ್ಧವಾಗಿದೆ. ತಾಳ್ಯದ ಶಿಲೆ ಅದಕ್ಕಿಂತ ಒಂಬತ್ತು ಪಟ್ಟು ಹಳೆಯದು.

ಆದರೆ ದುರ್ಗದ ಸೀಮೆಗೆ ಕಾಲಿಟ್ಟವನು ಮೊದಲ ನೋಟಕ್ಕೇ ಮೋಸಹೋಗುವ ಸಂಭವವುಂಟು. ಯೊಸೆಮಿಟಿಯಲ್ಲಿ ಒಂಟಿ ಬಂಡೆಗಳನ್ನು ನೋಡಿ ಬಂದ ಕಣ್ಣಿಗೆ ಚಿತ್ರದುರ್ಗದ ಕೋಟೆಯ ಗುಂಡುಗಳು, ಒಂದರ ಮೇಲೊಂದು ಕೂತು ಈಗಲೋ ಆಗಲೋ ಉರುಳುವಂತೆ ತೋರುವ ಆ ಹೆಬ್ಬಂಡೆಗಳು, ಯಾವುದೋ ಹಿಮನದಿ ತಂದಿಟ್ಟುಹೋದ ಹಾಗೆಯೇ ಕಾಣುತ್ತವೆ. ಅವು ಎಲ್ಲಿಂದಲೂ ಬಂದವಲ್ಲ. ಸುಮಾರು 260 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಹೆಪ್ಪುಗಟ್ಟಿದ ಗ್ರಾನೈಟು, ಮೇಲಿನ ಹೊದಿಕೆ ಸವೆದು ಬಯಲಿಗೆ ಬಂದಂತೆಲ್ಲ, ಅಡ್ಡಕ್ಕೂ ಉದ್ದಕ್ಕೂ ಬಿರುಕುಬಿಟ್ಟು, ಆ ಬಿರುಕುಗಳಲ್ಲಿ ಇಳಿದ ನೀರು ಮೂಲೆಮೂಲೆಗಳನ್ನು ಕೊಳೆಯಿಸಿ, ನಡುವಿನ ಗಟ್ಟಿ ತಿರುಳನ್ನು ಗುಂಡಾಗಿ ಉಳಿಸಿತು. ಕೊಳೆತ ಭಾಗವನ್ನು ಮಳೆ ತೊಳೆದುಕೊಂಡು ಹೋಯಿತು. ನಾಯಕರ ಕಾಲದ ಕಲ್ಲುಕುಟಿಗರು ಏಳು ಸುತ್ತಿನ ಕೋಟೆಯನ್ನು ಕಟ್ಟುವಾಗ ನೆಚ್ಚಿದ್ದು ಹೀಗೆ ಹುಟ್ಟಿದ ಜಾಗದಲ್ಲಿಯೇ ಗುಂಡಾದ ಬಂಡೆಗಳನ್ನು. ದುರ್ಗದ ದಕ್ಷಿಣಕ್ಕೆ ಏರುವ ಜೋಗಿಮಟ್ಟಿಯದು ಬೇರೆಯೇ ಕಥೆ. ಆ ಬೆಟ್ಟದ ಹಸುರುಬಣ್ಣದ ಕಲ್ಲು ಜ್ವಾಲಾಮುಖಿಯ ಲಾವಾರಸ ಹೆಪ್ಪುಗಟ್ಟಿ ಆದದ್ದು. ಭೀಮಸಮುದ್ರದ ಸುತ್ತಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಪಟ್ಟೆಶಿಲೆ ಉಂಟು. ಹಿರೇಗುಂಟನೂರಿನ ಬಯಲಿನಲ್ಲಿ ನಿಂತು ಸುತ್ತಲೂ ಕಣ್ಣಾಡಿಸಿದವನು, ತನಗೆ ಅರಿವಿಲ್ಲದೆಯೇ, ಹುಟ್ಟಿನ ರೀತಿಯಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಬೆಟ್ಟಗಳನ್ನು ಒಂದೇ ದಿಗಂತದಲ್ಲಿ ಕಾಣುತ್ತಾನೆ. ಗದಗಿನ ಕಡೆಯಿಂದ ಹೊರಟು ದುರ್ಗವನ್ನು ಹಾದು ಶ್ರೀರಂಗಪಟ್ಟಣದವರೆಗೆ ನಾನೂರು ಕಿಲೋಮೀಟರಿಗೂ ಮಿಕ್ಕು ಚಾಚಿರುವ ಈ ಶಿಲಾವಲಯಕ್ಕೆ ಚಿತ್ರದುರ್ಗದ ಹೆಸರೇ ಲೋಕದಲ್ಲೆಲ್ಲ ನಿಂತಿದೆ.

ತಾಳ್ಯದ ಬಂಡೆ ಮಾತ್ರ ದೂರದಿಂದ ಯಾರ ಕಣ್ಣನ್ನೂ ಸೆಳೆಯುವಂಥದಲ್ಲ. ಬಾದೆಹುಲ್ಲು, ಕುರುಚಲು ಗಿಡಗಳ ನಡುವೆ ಹಸುರುಗಪ್ಪು ಬಣ್ಣದ ಪದರಗಲ್ಲು ನೆಲದಿಂದ ಹಲ್ಲುಗಳಂತೆ ಎದ್ದಿರುವುದಷ್ಟೇ ತೋರುತ್ತದೆ. ಮಂಡಿಯೂರಿ ಕುಳಿತು ನೋಡಿದರೆ ಅದರ ಮೈಯಲ್ಲಿ ಬೇರೆ ಬೇರೆ ಜಾತಿಯ, ಬೇರೆ ಬೇರೆ ಗಾತ್ರದ ಕಲ್ಲುಗಳು ಹುದುಗಿರುವುದು ಕಾಣುತ್ತದೆ: ಬೆಳ್ಳನೆಯ ಗ್ರಾನೈಟಿನ ಜಾತಿಯವು, ಬೆಣಚುಶಿಲೆಯವು, ಹಸುರು ಲಾವಾಶಿಲೆಯವು, ನುಣುಪಾದ ಚರ್ಟಿನವು. ಕೆಲವು ಅಡಕೆಯಷ್ಟು, ಕೆಲವು ತೆಂಗಿನಕಾಯಿಯಷ್ಟು, ಮತ್ತೆ ಕೆಲವು ಅದಕ್ಕಿಂತಲೂ ದೊಡ್ಡವು. ಒಂದು ತಂಬಿಗೆ ನೀರನ್ನು ಮೇಲೆ ಸುರಿದರೆ ಬಣ್ಣಗಳು ಬೇರೆಬೇರೆಯಾಗಿ ಬಿಚ್ಚಿಕೊಳ್ಳುತ್ತವೆ. ನಾವು ಹಾಗೆ ನೀರು ಸುರಿದು ನೋಡುತ್ತಿದ್ದಾಗ ಮೇಕೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಳಿಗೆ ಬಂದು ಬಹಳ ಹೊತ್ತು ತಾವೂ ಬಗ್ಗಿ ನೋಡಿ, "ಹಳ್ಳದಾಗಿನ ಕಲ್ಲು ಇದ್ದಂಗೈತಲ್ಲ ಸ್ವಾಮಿ, ಬಂಡೆಯಾಗೆ ಹೆಂಗೆ ಹೊಕ್ಕಂಡ್ವು?" ಎಂದು ಕೇಳಿದರು. "ಇದೇ ಮಾತನ್ನ ದೊಡ್ಡ ದೊಡ್ಡ ಪಂಡಿತರೂ ಕೇಳ್ಯಾರೆ, ಯಜಮಾನ್ರೇ, ಸುಲಭಕ್ಕೆ ಉತ್ತರ ಸಿಕ್ಕಿಲ್ಲ" ಎಂದೆ. ಅವರು ತಲೆಯಾಡಿಸಿ ಮೇಕೆಗಳ ಹಿಂದೆ ನಡೆದರು.

ಆ ಮಾತು ಉಪಚಾರಕ್ಕೆ ಆಡಿದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನದ ಇಲಾಖೆ 1894ರಲ್ಲಿ ಸ್ಥಾಪಿತವಾದಾಗ ಅದರ ಮೊದಲ ಮುಖ್ಯಸ್ಥರಾಗಿ ಬಂದವರು ರಾಬರ್ಟ್ ಬ್ರೂಸ್ ಫೂಟ್. ಮದರಾಸಿನ ಪಲ್ಲಾವರದಲ್ಲಿ 1863ರಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಹೆಕ್ಕಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದ ಆ ಮಹನೀಯರೇ ನಮ್ಮ ಈ ಶಿಲಾಸಮುದಾಯಕ್ಕೆ ಧಾರವಾಡದ ಹೆಸರನ್ನಿಟ್ಟು, ಇವು ಬಹುಮಟ್ಟಿಗೆ ನೀರಿನಡಿ ಶೇಖರವಾದ ಕಲ್ಲುಮಣ್ಣಿನಿಂದ ಆದುವೆಂದು ತಿಳಿದವರು. ಅವರ ತರುವಾಯ ಇಲಾಖೆಯನ್ನು ನಡೆಸಿದ ಡಬ್ಲ್ಯು. ಎಫ್. ಸ್ಮೀತ್ ಅದನ್ನು ಒಪ್ಪಲಿಲ್ಲ. ಧಾರವಾಡ ಶಿಲೆಗಳೆಲ್ಲ ಅಗ್ನಿಮೂಲದವು, ಉಂಡೆಗಲ್ಲುಗಳಂತೆ ತೋರುವವು ನಿಜವಾದ ಉಂಡೆಗಲ್ಲುಗಳೇ ಅಲ್ಲ, ಭೂಮಿಯ ಒತ್ತಡಕ್ಕೆ ಸಿಕ್ಕಿ ಒಂದೇ ಬಂಡೆ ನುಚ್ಚಾಗಿ ಉರುಳಿ ಹಾಗೆ ಕಾಣುತ್ತಿದೆ ಎಂದು ಅವರು ವಾದಿಸಿದರು. ಇಲಾಖೆಯ ಅಧಿಕಾರಿಗಳು ಬೆಟ್ಟಬೆಟ್ಟವನ್ನು ಕಾಲ್ನಡಿಗೆಯಲ್ಲಿ ಅಳೆದು ನಕ್ಷೆ ಬರೆದ ಎಷ್ಟೋ ವರ್ಷಗಳವರೆಗೆ ಈ ವಿವಾದ ನಡೆದೇ ಇತ್ತು. ಸಿ. ಎಸ್. ಪಿಚ್ಚಮುತ್ತು ಅವರು ಕಲ್ದುರ್ಗದ ಉಂಡೆಗಲ್ಲಿನ ಶಿಲೆಗಳನ್ನು ಪರಿಶೀಲಿಸಿದರು, ಬಿ. ರಾಮರಾಯರು 1940ರಲ್ಲಿ ಪ್ರಕಟಿಸಿದ ಮೈಸೂರಿನ ಪುರಾತನ ಶಿಲೆಗಳ ಸಮೀಕ್ಷೆಯಲ್ಲಿ ಇವುಗಳಲ್ಲಿ ಅನೇಕವು ನೀರಿನಿಂದ ಶೇಖರವಾದುವೇ ಎಂಬ ಅಭಿಪ್ರಾಯಕ್ಕೆ ಮರಳಿ ಮನ್ನಣೆ ದೊರಕಿತು. ಈ ಪರಂಪರೆಯ ಮುಂದಿನ ಹಿರಿಯರು ಬಿ. ಪಿ. ರಾಧಾಕೃಷ್ಣ. 1958ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಬೆಳೆಸಿ ಅದರ ಪತ್ರಿಕೆಯನ್ನು ದೀರ್ಘಕಾಲ ಸಂಪಾದಿಸಿದ ಅವರು ಕನ್ನಡದಲ್ಲಿಯೂ ಲೇಖನಿ ಹಿಡಿದವರು. ಒಂದು ಬಂಡೆಯ ಮೈಮೇಲಿನ ಕಲ್ಲು ಉರುಳಿ ಬಂದದ್ದೋ ಅಲ್ಲಿಯೇ ನುರಿದದ್ದೋ ಎಂಬ ಪ್ರಶ್ನೆಗೆ ಇಷ್ಟು ಮಂದಿ ತಮ್ಮ ಆಯುಸ್ಸಿನ ಭಾಗವನ್ನು ಕೊಟ್ಟದ್ದು ನನಗೆ ಪೂಜ್ಯವಾಗಿ ತೋರುತ್ತದೆ.

ಉರುಳಿ ಬಂದದ್ದು ನಿಜವೆಂದಾದ ಮೇಲೆ ಉಳಿದ ಪ್ರಶ್ನೆ, ಹೊತ್ತು ತಂದವರು ಯಾರು ಎಂಬುದು. ಅಮೆರಿಕದ ಮಿನೆಸೋಟದಲ್ಲಿದ್ದುಕೊಂಡು ಲೋಕದ ಹಲವು ಕಡೆಯ ಪ್ರಾಚೀನ ಹಿಮಶಿಲೆಗಳನ್ನು ನೋಡಿ ಪಳಗಿದ್ದ ರಿಚರ್ಡ್ ಒಜಕಾಂಗಸ್, ನಮ್ಮವರೇ ಆದ ಆರ್. ಶ್ರೀನಿವಾಸನ್, ವಿ. ಎಸ್. ಹೆಗಡೆ, ಎಸ್. ವಿ. ಶ್ರೀಕಂಠಯ್ಯ ಮೊದಲಾದವರೊಡನೆ ಸೇರಿ, 2014ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಮುಂದಿಟ್ಟರು: ತಾಳ್ಯದ ಶಿಲೆ ಹಿಮನದಿಗಳು ಸಮುದ್ರಕ್ಕೆ ಸೇರಿದ ಕಡೆಯಲ್ಲಿ ಶೇಖರವಾದದ್ದು. ಅವರ ವಾದದ ಜೀವಾಳ ಇರುವುದು ಒಂಟಿಗಲ್ಲುಗಳಲ್ಲಿ. ನುಣ್ಣನೆಯ ಕೆಸರು ತೆಳ್ಳನೆಯ ಪದರಪದರವಾಗಿ ನಿಂತ, ಅಂದರೆ ಅಲುಗಾಟವೇ ಇಲ್ಲದ ನೀರಿನ ತಳದಲ್ಲಿ ಶೇಖರವಾದ, ಜಾಗದಲ್ಲಿ ಇದ್ದಕ್ಕಿದ್ದಂತೆ ಒಂದು ದಪ್ಪ ಕಲ್ಲು ಸಿಗುತ್ತದೆ. ಅಷ್ಟು ಮೆಲ್ಲಗಿನ ನೀರಿಗೆ ಅಂಥ ಕಲ್ಲನ್ನು ಉರುಳಿಸಿ ತರುವ ಶಕ್ತಿಯಿಲ್ಲ. ಶಕ್ತಿಯುಳ್ಳ ಪ್ರವಾಹ ಬಂದಿದ್ದರೆ ತೆಳ್ಳನೆಯ ಕೆಸರಿನ ಪದರಗಳು ಉಳಿಯುತ್ತಿರಲಿಲ್ಲ. ಹಾಗಾದರೆ ಕಲ್ಲು ಪಕ್ಕದಿಂದ ಬಂದದ್ದಲ್ಲ, ಮೇಲಿನಿಂದ ಬಿದ್ದದ್ದು. ಹಿಮನದಿಯ ತುದಿ ಕಡಲಿಗೆ ತಲುಪಿದಾಗ ಅದರಿಂದ ನೀರ್ಗಲ್ಲಿನ ಗುಡ್ಡಗಳು ಮುರಿದು, ತಮ್ಮೊಡಲಿನಲ್ಲಿ ಹಿಡಿದ ಕಲ್ಲುಗಳ ಸಮೇತ ತೇಲಿಹೋಗುತ್ತವೆ. ದೂರ ಹೋದಂತೆ ಕರಗುತ್ತವೆ. ಕರಗಿದಂತೆ ಹಿಡಿತ ಸಡಿಲಿ ಕಲ್ಲು ತಳಕ್ಕೆ ಬೀಳುತ್ತದೆ. ಮೆತ್ತನೆಯ ಕೆಸರಿಗೆ ಬಿದ್ದ ಕಲ್ಲು ಕೆಳಗಿನ ಪದರಗಳನ್ನು ತಗ್ಗಿಸುತ್ತದೆ, ಮುಂದೆ ಬೀಳುವ ಕೆಸರು ಅದರ ಬೆನ್ನಿನ ಮೇಲೆ ಹೊದಿಕೆಯಾಗಿ ಕೂಡುತ್ತದೆ. ಗ್ರೀನ್‌ಲೆಂಡಿನ ಸುತ್ತಿನ ಕಡಲಿನಲ್ಲಿ ಈ ವ್ಯಾಪಾರ ಇಂದಿಗೂ ನಡೆಯುತ್ತಿದೆ.

ಇದಕ್ಕೆ ಎದುರುವಾದ ಇಲ್ಲವೆಂದಲ್ಲ. ಕಡಿದಾದ ತೀರದಿಂದ ಕಲ್ಲುಮಣ್ಣಿನ ರಾಶಿ ಕುಸಿದು, ಕೆಸರಿನ ಪ್ರವಾಹವಾಗಿ ಕಡಲಿಗೆ ಇಳಿದರೂ ಗಾತ್ರಭೇದವಿಲ್ಲದ ಇಂಥದೇ ಮಿಶ್ರಣ ಉಂಟಾಗಬಹುದು. ಈ ಶಿಲಾವಲಯದಲ್ಲಿಯೇ ಐಮಂಗಲದ ಬಳಿಯಲ್ಲಿಯೂ ಬೇರೆ ಕಡೆಗಳಲ್ಲಿಯೂ ಇರುವ ಉಂಡೆಗಲ್ಲಿನ ಶಿಲೆಗಳಿಗೆಲ್ಲ ನೀರ್ಗಲ್ಲನ್ನು ಕಾರಣವಾಗಿ ಹೇಳಲು ಬಾರದು. ಹಿಮನದಿ ಉಜ್ಜಿದ ಕಲ್ಲಿನ ಮೇಲಿರಬೇಕಾದ ಗೀರುಗಳನ್ನು ತಾಳ್ಯದಲ್ಲಿ ಹುಡುಕುವುದು ಕಷ್ಟದ ಕೆಲಸ. ಶೇಖರವಾದ ಮೇಲೆ ಈ ಪದರಗಳು ನೆಲದಾಳಕ್ಕೆ ಇಳಿದು, ಕಾಯ್ದು, ಮಡಿಕೆಗಳಾಗಿ ಮಡಿದು, ಅಡ್ಡಲಾಗಿದ್ದವು ಲಂಬವಾಗಿ ನಿಂತು, ಒಳಗಿನ ಕಲ್ಲುಗಳು ಒತ್ತಡಕ್ಕೆ ಚಪ್ಪಟೆಯಾಗಿ ನೀಳವಾಗಿ ಎಳೆದುಕೊಂಡಿವೆ. ಅಷ್ಟೆಲ್ಲ ಯಾತನೆಯನ್ನು ಸೈರಿಸಿದ ಕಲ್ಲಿನ ಚರ್ಮದ ಮೇಲೆ ಹಳೆಯ ಗೀರು ಉಳಿದೀತೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದರೂ ನಾನಾ ಜಾತಿಯ ಕಲ್ಲುಗಳ ಕೂಟ, ಅವು ಒಂದನ್ನೊಂದು ತಾಗದೆ ನುಣ್ಣನೆಯ ಮಣ್ಣಿನಲ್ಲಿ ತೇಲಿದಂತೆ ನಿಂತ ರೀತಿ, ಪದರಗೆಸರಿಗೆ ಬಿದ್ದ ಒಂಟಿಗಲ್ಲುಗಳು, ಈ ಮೂರನ್ನೂ ಒಟ್ಟಿಗೆ ತೂಗಿ ನೋಡಿದರೆ ಹಿಮದ ಪಕ್ಷವೇ ನನಗೆ ಭಾರವಾಗಿ ಕಾಣುತ್ತದೆ. ಕುಸಿತದ ವಾದ ಮೊದಲೆರಡನ್ನು ವಿವರಿಸಬಲ್ಲುದು. ಮೂರನೆಯದರ ಮುಂದೆ ಅದು ತಡವರಿಸುತ್ತದೆ.

ಈಗ ಆ ಕಾಲವನ್ನು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಸೂರ್ಯನು ಇಂದಿಗಿಂತ ಸುಮಾರು ಐದರಲ್ಲೊಂದು ಪಾಲು ಮಂಕಾಗಿದ್ದನು, ಏಕೆಂದರೆ ಸೂರ್ಯನಂಥ ನಕ್ಷತ್ರಗಳು ವಯಸ್ಸು ಹೆಚ್ಚಿದಂತೆಲ್ಲ ಪ್ರಖರವಾಗುತ್ತ ಹೋಗುತ್ತವೆ. ಅಷ್ಟು ಮಂಕು ಬಿಸಿಲಿನಲ್ಲಿಯೂ ಕಡಲುಗಳು ಪೂರ್ತಿ ಹೆಪ್ಪುಗಟ್ಟದೆ ಉಳಿದದ್ದಕ್ಕೆ, ಶಾಖವನ್ನು ಹಿಡಿದಿಡುವ ಅಂಗಾರಾಮ್ಲ, ಮೀಥೇನ್ ಮೊದಲಾದ ಅನಿಲಗಳು ವಾಯುಮಂಡಲದಲ್ಲಿ ವಿಪುಲವಾಗಿದ್ದುದೇ ಕಾರಣವೆಂದು ಹೇಳುತ್ತಾರೆ. ಆ ಅನಿಲಗಳು ಕಡಮೆಯಾದ ಕಾಲದಲ್ಲಿ ಶೀತ ಮೇಲುಗೈಯಾಗುವುದು ಸಹಜ. ಗಾಳಿಯಲ್ಲಿ ಆಮ್ಲಜನಕ ಇಲ್ಲವೆಂಬಷ್ಟು ಅಲ್ಪವಾಗಿತ್ತು. ನೆಲದ ಮೇಲೆ ಒಂದು ಹುಲ್ಲಿನ ಎಸಳೂ ಇರಲಿಲ್ಲ. ಬೆಟ್ಟಗಳು ಬೋಳು, ಕಣಿವೆಗಳು ಬೋಳು. ಜೀವವೆಂಬುದು ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳ ರೂಪದಲ್ಲಿ ನೀರಿನಲ್ಲಿ ಮಾತ್ರವಿದ್ದು, ಅವು ತೆಳುಪೊರೆಗಳಾಗಿ ಒಂದರ ಮೇಲೊಂದು ಬೆಳೆದು ಬಿಟ್ಟುಹೋದ ಸ್ಟ್ರೋಮಟೊಲೈಟ್ ಎಂಬ ಅಲೆಯಲೆಯ ರಚನೆಗಳನ್ನು ಚಿತ್ರದುರ್ಗದ ಶಿಲಾವಲಯದ ಸುಣ್ಣಜಾತಿಯ ಕಲ್ಲುಗಳಲ್ಲಿ ಗುರುತಿಸಿದ್ದಾರೆ. ತಾಳ್ಯದ ಬಂಡೆಯಲ್ಲಿರುವ ಗ್ರಾನೈಟು ಜಾತಿಯ ಕಲ್ಲುಗಳಾದರೂ, ಬಂಡೆಗಿಂತ ಹಳೆಯವು. ಬೆಂಗಳೂರಿನ ಲಾಲ್‌ಬಾಗಿನ ಬೆಟ್ಟದಂತೆ ನಮ್ಮ ನಾಡಿನ ಅಡಿಪಾಯವಾದ ನೈಸ್ ಶಿಲೆಯ ವಂಶಕ್ಕೆ ಸೇರಿದ ಮುನ್ನೂರು ಕೋಟಿ ವರ್ಷಗಳ ಹಿರಿಯ ನೆಲ, ಅಂದು ಪರ್ವತವಾಗಿ ನಿಂತು ಹಿಮನದಿಗೆ ಕಲ್ಲೊದಗಿಸಿತು. ಭೂಖಂಡಗಳು ನಿಂತಲ್ಲಿ ನಿಲ್ಲುವುವಲ್ಲವಾದುದರಿಂದ ಈ ನೆಲ ಇಂದು ಉಷ್ಣವಲಯದಲ್ಲಿದೆಯೆಂಬುದು ಆ ಕಾಲಕ್ಕೆ ಪ್ರಮಾಣವಾಗಲಾರದು. ಇದಕ್ಕಿಂತ ಹಳೆಯ ಹಿಮದ ಕುರುಹೆಂದು ಲೋಕದಲ್ಲಿ ಪ್ರಸಿದ್ಧವಾಗಿರುವುದು ದಕ್ಷಿಣ ಆಫ್ರಿಕದ ಪೊಂಗೋಲ ಶಿಲೆ, ಸುಮಾರು 290 ಕೋಟಿ ವರ್ಷಗಳದು. ಕೆನಡದ ಹ್ಯೂರನ್ ಸರೋವರದ ಕಡೆಯ ಹೆಸರಾಂತ ಹಿಮಶಿಲೆಗಳು ತಾಳ್ಯದ್ದಕ್ಕಿಂತ ಈಚಿನವು. ಇಂಥ ಅತಿ ಪ್ರಾಚೀನ ಸಾಕ್ಷಿಗಳು ಭೂಮಂಡಲದಲ್ಲಿ ಬಹಳ ವಿರಳ. ಅವುಗಳ ಸಾಲಿಗೆ ಸೇರತಕ್ಕದ್ದೊಂದು ಹೊಳಲ್ಕೆರೆ ತಾಲ್ಲೂಕಿನಲ್ಲಿದೆ.

ಅಲ್ಲಿ ಕಡಲಿತ್ತು ಎಂಬ ಮಾತಿಗೆ ಸಂಶಯಪಡುವವರು ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಗೆ ಹೋಗಿ ಬರಬೇಕು. ಲಾವಾರಸವು ನೀರಿನೊಳಗೆ ಉಕ್ಕಿ ಬಂದಾಗ ಹೊರಮೈ ಥಟ್ಟನೆ ತಣಿದು, ಒಳಗಿನದು ಚಿಮ್ಮಿ, ದಿಂಬುಗಳ ಆಕಾರದಲ್ಲಿ ಒಂದರ ಮೇಲೊಂದು ಪೇರಿಸಿಕೊಳ್ಳುತ್ತದೆ. ಅಂಥ ದಿಂಬುಲಾವಾ ಲೋಕದಲ್ಲಿಯೇ ಅತ್ಯುತ್ತಮವಾಗಿ ಉಳಿದ ಸ್ಥಳಗಳಲ್ಲಿ ಮರಡಿಹಳ್ಳಿ ಒಂದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಮನ್ನಿಸಿದೆ.

ಮರಡಿಹಳ್ಳಿಗೆ ಸಂದ ಆ ಮನ್ನಣೆ ತಾಳ್ಯಕ್ಕೂ ಸಲ್ಲಬೇಕೆಂಬುದು ನನ್ನ ಹೃತ್ಪೂರ್ವಕವಾದ ಆಸೆ. ಈ ಸೀಮೆಯಲ್ಲಿ ಕಲ್ಲು ಎಂದರೆ ಹಣ. ಇಂಗಳದಾಳಿನಲ್ಲಿ ತಾಮ್ರವನ್ನು ಅಗೆದರು, ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರನ್ನು ಅಗೆದರು. ಗಣಿಗಾರಿಕೆ ಮಿತಿಮೀರಿತೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರು ಗಣಿಗಳನ್ನು ನಿಲ್ಲಿಸಿ, ಕಟ್ಟುಪಾಡುಗಳೊಡನೆ ಆಮೇಲೆ ಬಿಡಬೇಕಾಯಿತು. ಅದಿರಿನ ಲಾರಿಗಳ ಕೆಂಪು ಧೂಳು ಅಡಕೆಯ ಗರಿಗಳ ಮೇಲೆ ಕೂತದ್ದನ್ನು ಕಂಡ ರೈತನಿಗೆ ಬೆಟ್ಟದ ಬೆಲೆಯನ್ನು ಬೇರೆ ಯಾರೂ ಬೋಧಿಸಬೇಕಾಗಿಲ್ಲ. ಗಣಿಯೂ ಬೇಕು, ಕೆಲಸವೂ ಬೇಕು, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ತಾಳ್ಯದ ಬಂಡೆಯಲ್ಲಿ ತಾಮ್ರವಿಲ್ಲ, ಕಬ್ಬಿಣವಿಲ್ಲ. ಜಲ್ಲಿಯಾಗಿ ಒಡೆದರೆ ರಸ್ತೆಯ ಒಂದು ತಿರುವಿಗೆ ಮುಗಿದುಹೋಗುವಷ್ಟು ಮಾತ್ರ ಅದರ ಪೇಟೆಯ ಬೆಲೆ. ಕಾಡಿಗೆ ಸಿಕ್ಕ ರಕ್ಷಣೆ ಕಲ್ಲಿಗೆ ಸಿಕ್ಕಿಲ್ಲ. ಜೋಗಿಮಟ್ಟಿಯ ಸುಮಾರು ನೂರು ಚದರ ಕಿಲೋಮೀಟರು ಈಗ ವನ್ಯಜೀವಿಧಾಮವಾಗಿದೆ. ಕರಡಿ, ಚಿರತೆ, ನವಿಲುಗಳಿಗೆ ಅಲ್ಲಿ ಆಸರೆಯಿದೆ. ಹಿಮವತ್ಕೇದಾರದ ಗುಹೆಯಲ್ಲಿ ಬಂಡೆಯಿಂದ ಜಿನುಗುವ ನೀರನ್ನು ಭಕ್ತರು ತೀರ್ಥವೆಂದು ಸ್ವೀಕರಿಸುತ್ತಾರೆ. ಬೆಟ್ಟವನ್ನು ಉದ್ಯಾನವೆಂದು ಕಾಯುವಾಗ ಅದರ ಮೇಲಿನ ಮರವನ್ನೂ ಮೃಗವನ್ನೂ ಲೆಕ್ಕಕ್ಕೆ ಹಿಡಿದು, ಎಲ್ಲಕ್ಕೂ ಆಧಾರವಾದ ಶಿಲೆಯನ್ನು ಮರೆಯುವುದು ನಮ್ಮ ದೇಶದ ಸಾಮಾನ್ಯ ರೂಢಿಯಾಗಿಬಿಟ್ಟಿದೆ. ಮಾಂಟಾನಾದ ಉದ್ಯಾನದಲ್ಲಿ 1850ರ ಸುಮಾರಿಗೆ ನೂರೈವತ್ತರಷ್ಟಿದ್ದ ಹಿಮನದಿಗಳಲ್ಲಿ 2015ರ ಎಣಿಕೆಗೆ ನಿಂತವು 26 ಮಾತ್ರ. ನೀರ್ಗಲ್ಲು ಕರಗಿಹೋದರೂ ಅದು ಕೊರೆದ ಕಣಿವೆಯನ್ನೂ ಸುರಿದ ಕಲ್ಲನ್ನೂ ಆ ದೇಶದವರು ಹಿಮನದಿಯ ಚರಿತ್ರೆಯೆಂದೇ ಕಾಪಾಡಿ, ಬಂದವರಿಗೆ ವಿವರಿಸಿ ತೋರಿಸುತ್ತಾರೆ. ತಾಳ್ಯದಲ್ಲಿಯೂ ಕಾಪಾಡಬೇಕಾದದ್ದು ಅಂಥ ಚರಿತ್ರೆಯನ್ನೇ.

ನೋಡಲು ಹೋಗುವವರಿಗೆ ಒಂದೆರಡು ಮಾತು. ಮಳೆಗಾಲ ಕಳೆದ ಹೊಸದರಲ್ಲಿ ಹುಲ್ಲು ಎದೆಯೆತ್ತರ ಬೆಳೆದು ಬಂಡೆಯನ್ನು ಮುಚ್ಚಿರುತ್ತದೆ. ಪುಷ್ಯ ಮಾಘ ಮಾಸಗಳಲ್ಲಿ ಹುಲ್ಲು ಒಣಗಿ ಬಾಗಿದ ಮೇಲೆ ಹೋಗುವುದು ಒಳ್ಳೆಯದು. ಬೆಳಗಿನ ಓರೆಬಿಸಿಲಿನಲ್ಲಿ ಹುದುಗಿದ ಕಲ್ಲುಗಳ ಅಂಚು ಸ್ಪಷ್ಟವಾಗಿ ಕಾಣುತ್ತದೆ, ನಡುಹಗಲಿನಲ್ಲಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತದೆ. ಹೊಲಗಳನ್ನು ಹಾಯಬೇಕಾದ ಕಡೆ ಹೊಲದೊಡೆಯರನ್ನು ಕೇಳಿ ಹಾಯಬೇಕು. ಕುಡಿಯುವುದಕ್ಕೂ ಬಂಡೆಯ ಮೇಲೆ ಸುರಿಯುವುದಕ್ಕೂ ನೀರನ್ನು ಜೊತೆಗೇ ಒಯ್ಯಬೇಕು. ಸುತ್ತಿಗೆಯನ್ನು ಮಾತ್ರ ಮನೆಯಲ್ಲಿಯೇ ಬಿಡಬೇಕು. ಭೂವಿಜ್ಞಾನದ ವಿದ್ಯಾರ್ಥಿಗಳು ಚಂದದ ಮಾದರಿಯ ಆಸೆಗೆ ಒಡೆದ ಬಂಡೆಗಳನ್ನು ಬೇರೆ ಬೇರೆ ಊರುಗಳಲ್ಲಿ ಕಂಡು ನನಗೆ ನೋವಾಗಿದೆ. ಸಮಯವಿದ್ದವರು ಮಾರಿಕಣಿವೆಯವರೆಗೂ ಹೋಗಬಹುದು. ಎರಡು ಬೆಟ್ಟಗಳ ನಡುವಿನ ಸಂದಿಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ, 1933ರ ತರುವಾಯ ಮತ್ತೆ ಕೋಡಿಬಿದ್ದದ್ದು 2022ರಲ್ಲಿ. ತಾಳ್ಯದ ಶಿಲೆ ಸೇರಿರುವ ಪದರಸಮೂಹವನ್ನು ಭೂವಿಜ್ಞಾನಿಗಳು ಈ ಜಲಾಶಯದ ಹೆಸರಿನಿಂದಲೇ ಕರೆಯುತ್ತಾರೆ.

ಸರಕಾರದ ಮನ್ನಣೆ ಬರುವ ದಿನದವರೆಗೆ ಸುಮ್ಮನೆ ಕೂರಬೇಕಾದ ಅಗತ್ಯವಿಲ್ಲ. ಹಿರೇಗುಂಟನೂರು, ಭೀಮಸಮುದ್ರ, ತಾಳ್ಯಗಳ ಶಾಲೆಗಳಲ್ಲಿ ಒಂದೊಂದು ಸಣ್ಣ ಕಪಾಟಿದ್ದರೆ ಸಾಕು. ಕೋಟೆಯ ಗ್ರಾನೈಟು, ಜೋಗಿಮಟ್ಟಿಯ ಹಸುರುಗಲ್ಲು, ಭೀಮಸಮುದ್ರದ ಪಟ್ಟೆಯದಿರು, ತಾಳ್ಯದ ಉಂಡೆಗಲ್ಲಿನ ಶಿಲೆ, ಈ ನಾಲ್ಕರ ಉದುರಿಬಿದ್ದ ತುಣುಕುಗಳನ್ನು ಮಕ್ಕಳ ಕೈಯಿಂದಲೇ ಆಯಿಸಿ, ಸಿಕ್ಕ ಜಾಗವನ್ನೂ ಅಂದಾಜು ವಯಸ್ಸನ್ನೂ ಕನ್ನಡದಲ್ಲಿ ಬರೆದ ಚೀಟಿಗಳೊಡನೆ ಅದರಲ್ಲಿ ಇಡಬಹುದು. ಬಂಡೆಯ ಬಳಿಗೆ ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟರೊಬ್ಬರು ಪ್ರತಿ ಊರಿನಲ್ಲಿಯೂ ಸಿಕ್ಕೇ ಸಿಗುತ್ತಾರೆ.